ರೇಡಿಯೋದಲ್ಲಿ ಜೋರಾಗಿರುವ ಕ್ವೇಸಾರ್‌ಗಳು ಎಕ್ಸ್-ರೇಯಲ್ಲೂ ಯಾಕೆ ಅಷ್ಟು ಹೊಳೆಯುತ್ತವೆ?

ಇರುಳುಬಾನು

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ, ಗೊತ್ತಿರುವವರು ಬಿಡಿಸಿ ಹೇಳಿ.

3ಸಿ 273 ಗೊತ್ತಲ್ಲ, ಕನ್ಯಾ ರಾಶಿಯ ಕ್ವೇಸಾರ್, ಅಂದರೆ ಭಾರಿ ಕಪ್ಪುಕುಳಿಯೊಂದು ಅನಿಲ ನುಂಗುತ್ತಿರುವುದರಿಂದ ಹೊಳೆಯುವ ದೂರದ ಗೆಲಾಕ್ಸಿಯ ಕೇಂದ್ರ. 1963ರಲ್ಲಿ ಮಾರ್ಟನ್ ಶ್ಮಿಟ್ ಇದರ ರೋಹಿತ ನೋಡಿಯೇ ಇದು ನಕ್ಷತ್ರ ಅಲ್ಲ, ಎಲ್ಲೋ ಭಾರಿ ದೂರದ್ದು ಅಂತ ಕಂಡುಕೊಂಡಿದ್ದು. ಈಗ ನಮಗೆ ಸಿಗುತ್ತಿರುವ ಬೆಳಕು ಅಲ್ಲಿಂದ ಹೊರಟು ಸುಮಾರು 200 ಕೋಟಿ ವರ್ಷ ಆಗಿದೆ. ಅದರಿಂದ ಒಂದು ಉದ್ದನೆಯ ಜೆಟ್, ಅಂದರೆ ಚಿಮ್ಮುವ ಕಣಗಳ ಧಾರೆ, ಹೊರಟಿದೆ. ಅದರ ರೇಡಿಯೋ ಚಿತ್ರ, ಹಬಲ್ ಚಿತ್ರ, ಚಂದ್ರಾ ದೂರದರ್ಶಕದ ಎಕ್ಸ್-ರೇ ಚಿತ್ರ ಮೂರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಮೂರರಲ್ಲೂ ಜೆಟ್ ಒಂದೇ ಜಾಗದಲ್ಲಿದೆ, ಒಂದೇ ದಿಕ್ಕಿಗಿದೆ, ಗಂಟು ಗಂಟಾಗಿದೆ. ಆದರೆ ಎಕ್ಸ್-ರೇಯಲ್ಲಿ ಕ್ವೇಸಾರ್ ಕಡೆಯ ಮೊದಲ ಗಂಟೇ ಎಲ್ಲಕ್ಕಿಂತ ಪ್ರಖರ, ತುದಿಗೆ ಹೋಗುತ್ತಾ ಹೋಗುತ್ತಾ ಮಂಕು. ರೇಡಿಯೋದಲ್ಲಿ ನೋಡಿದರೆ ಪೂರ್ತಿ ತಿರುಗುಮುರುಗು, ಬುಡದ ಕಡೆ ಮಂಕು, ತುದಿಯಲ್ಲಿ ಭಾರಿ ಜೋರು. ಒಂದೇ ಜೆಟ್ ಅಲ್ವಾ? ಹಾಗಿದ್ದರೆ ಹೀಗ್ಯಾಕೆ?

ಇನ್ನೊಂದು. ರೇಡಿಯೋ-ಲೌಡ್ ಕ್ವೇಸಾರ್‌ಗಳು ಅದೇ ಪ್ರಮಾಣದ ಬೆಳಕಿನ ಬೇರೆ ಕ್ವೇಸಾರ್‌ಗಳಿಗಿಂತ ಎಕ್ಸ್-ರೇಯಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಅಂತ ಓದಿದೆ. ರೇಡಿಯೋ ಒಂದು ತುದಿ, ಎಕ್ಸ್-ರೇ ಇನ್ನೊಂದು ತುದಿ. ಇವೆರಡಕ್ಕೂ ಸಂಬಂಧ ಎಲ್ಲಿಂದ ಬಂತು?

ಗಣಿತದ ಮೇಷ್ಟ್ರು

ಇರುಳುಬಾನು ಅವರೇ, ನಿಮ್ಮದು ಎರಡು ಬೇರೆ ಬೇರೆ ಪ್ರಶ್ನೆ. ಕೇಂದ್ರದ ಎಕ್ಸ್-ರೇ ಒಂದು, ಲಕ್ಷ ಬೆಳಕಿನ ವರ್ಷ ಆಚೆ ಇರುವ ಜೆಟ್ಟಿನ ಗಂಟುಗಳ ಎಕ್ಸ್-ರೇ ಇನ್ನೊಂದು. ಎರಡನ್ನೂ ಒಂದೇ ಮೂಟೆಗೆ ಕಟ್ಟಿದರೆ ಯಾವುದೂ ಅರ್ಥ ಆಗುವುದಿಲ್ಲ. ನಾನು ಕೇಂದ್ರದ್ದು ಹೇಳುತ್ತೇನೆ, ಜೆಟ್ಟಿನ ಬಗ್ಗೆ ಇಲ್ಲಿ ನನಗಿಂತ ಚೆನ್ನಾಗಿ ತಿಳಿದವರಿದ್ದಾರೆ.

ಮೊದಲು ರೇಡಿಯೋ-ಲೌಡ್ ಅಂದರೆ ಏನು ಅನ್ನೋದು. 5 ಗಿಗಾಹರ್ಟ್ಸ್ ರೇಡಿಯೋದಲ್ಲಿ ಬರುವುದನ್ನು ನೀಲಿ ಬೆಳಕಿನಲ್ಲಿ ಬರುವುದರಿಂದ ಭಾಗಿಸಿ. 10ಕ್ಕಿಂತ ಜಾಸ್ತಿ ಬಂದರೆ ಲೌಡ್. ಕ್ವೇಸಾರ್‌ಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಹೀಗಿರುತ್ತದೆ. ಹಾಗಾಗಿ ಇದು ಅಪರೂಪದ್ದೂ ಅಲ್ಲ, ಸಾಮಾನ್ಯದ್ದೂ ಅಲ್ಲ.

ಎಲ್ಲ ಕ್ವೇಸಾರ್‌ಗಳಲ್ಲೂ ಕಪ್ಪುಕುಳಿಯ ಸುತ್ತ ಅನಿಲದ ತಟ್ಟೆ ಇರುತ್ತದೆ. ಆ ತಟ್ಟೆ ಎಷ್ಟೇ ಬಿಸಿ ಇದ್ದರೂ ಅದರಿಂದ ಬರುವುದು ಮುಖ್ಯವಾಗಿ ನೇರಳಾತೀತ ಬೆಳಕು, ಎಕ್ಸ್-ರೇವರೆಗೆ ಅದು ಮುಟ್ಟುವುದಿಲ್ಲ. ತಟ್ಟೆಯ ಮೇಲೆ, ಕಪ್ಪುಕುಳಿಯ ಹತ್ತಿರದಲ್ಲೇ, ನೂರು ಕೋಟಿ ಡಿಗ್ರಿ ಮಟ್ಟದ ಎಲೆಕ್ಟ್ರಾನ್‌ಗಳ ಒಂದು ಮೋಡ ಇರುತ್ತದೆ, ಅದಕ್ಕೆ ಕರೋನಾ ಅನ್ನುತ್ತಾರೆ. ತಟ್ಟೆಯ ನೇರಳಾತೀತ ಫೋಟಾನ್ (ಬೆಳಕಿನ ಕಣ) ಅಲ್ಲಿ ಹೊಕ್ಕು, ಮತ್ತೆ ಮತ್ತೆ ಎಲೆಕ್ಟ್ರಾನ್‌ಗಳಿಗೆ ಬಡಿದು, ಪ್ರತಿಸಲ ಸ್ವಲ್ಪ ಸ್ವಲ್ಪ ಶಕ್ತಿ ಗಳಿಸಿ, ಕೊನೆಗೆ ಎಕ್ಸ್-ರೇ ಆಗಿ ಹೊರಗೆ ಬರುತ್ತದೆ. ಇದು ರೇಡಿಯೋ ಇರಲಿ ಬಿಡಲಿ, ಎಲ್ಲದರಲ್ಲೂ ಇದೆ.

ಲೌಡ್ ಆದದ್ದರಲ್ಲಿ ಇದರ ಮೇಲೆ ಜೆಟ್ಟಿನ ಬುಡವೂ ಸೇರಿಕೊಳ್ಳುತ್ತದೆ. ಜೆಟ್ ನಮ್ಮ ಕಡೆಗೇ ತಿರುಗಿದ್ದರೆ ಅದರ ಬೆಳಕು ನಮಗೆ ಹಲವು ಪಟ್ಟು ಹೆಚ್ಚಾಗಿ ಕಾಣುತ್ತದೆ, ಯಾಕೆಂದರೆ ಅದು ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ನಮ್ಮತ್ತ ಬರುತ್ತಿರುತ್ತದೆ. ಎಕ್ಸ್-ರೇಯ ಇಳಿಜಾರು ನೋಡಿದರೂ ಇದು ಗೊತ್ತಾಗುತ್ತದೆ. ಸಾಮಾನ್ಯ ಕ್ವೇಸಾರ್‌ಗಳಲ್ಲಿ ಈ ಇಳಿಜಾರಿನ ಅಳತೆಯಾದ ಫೋಟಾನ್ ಸೂಚ್ಯಂಕ 1.9ರ ಆಸುಪಾಸು, ಲೌಡ್ ಆದದ್ದರಲ್ಲಿ 1.6ರ ಆಸುಪಾಸು. ಅಂದರೆ ಹೆಚ್ಚು ಶಕ್ತಿಯ ಕಡೆಗೆ ಬೆಳಕು ಅಷ್ಟು ಬೇಗ ಇಳಿಯುವುದಿಲ್ಲ. ನಿಮ್ಮ 3ಸಿ 273ರಲ್ಲೇ ನುಸ್ಟಾರ್ ಎಕ್ಸ್-ರೇ ಉಪಗ್ರಹ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದೆ: ಕಡಿಮೆ ಶಕ್ತಿಯಲ್ಲಿ ಕರೋನಾದ್ದೇ ಜಾಸ್ತಿ, ಸುಮಾರು 30–40 ಕೆಇವಿ (ಎಕ್ಸ್-ರೇ ಶಕ್ತಿಯ ಅಳತೆ) ದಾಟಿದ ಮೇಲೆ ಜೆಟ್ಟಿನದ್ದೇ ಕೈ ಮೇಲು.

ಆದರೆ ಮೂರು ಪಟ್ಟು ಹೆಚ್ಚಿಗೆಗೆ ಎಲ್ಲ ಕಡೆಯೂ ಜೆಟ್ಟೇ ಕಾರಣ ಅಂತ ಹೇಳುವುದನ್ನು ನಾನು ಒಪ್ಪುವುದಿಲ್ಲ. ಜೆಟ್ ನಮ್ಮ ಕಡೆ ತಿರುಗಿರದ ಸಾಧಾರಣ ಲೌಡ್ ಕ್ವೇಸಾರ್‌ಗಳಲ್ಲಿ ಕರೋನಾವೇ ಹೆಚ್ಚು ಜೋರಾಗಿದೆ ಅಂತ ಈಚಿನ ದೊಡ್ಡ ಅಧ್ಯಯನಗಳು ತೋರಿಸುತ್ತಿವೆ. ಕರೋನಾ ಜೋರಾಗಿದ್ದ ಕಡೆಯೇ ಜೆಟ್ ಕೂಡ ಜೋರು, ಎರಡಕ್ಕೂ ಬೇರು ಒಂದೇ ಇರಬೇಕು. ಇದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷಿ 3ಸಿ 120, ಸುಮಾರು 45 ಕೋಟಿ ಬೆಳಕಿನ ವರ್ಷ ದೂರದ ರೇಡಿಯೋ ಗೆಲಾಕ್ಸಿ. ಅದರ ಎಕ್ಸ್-ರೇ ಆಗಾಗ ಕುಸಿಯುತ್ತದೆ. ಕುಸಿದು ಸುಮಾರು ಒಂದು ತಿಂಗಳಿಗೆ ರೇಡಿಯೋದಲ್ಲಿ ಹೊಸ ಗಂಟೊಂದು ಜೆಟ್ಟಿನಲ್ಲಿ ಹೊರಟು ಬರುವುದು ಕಾಣುತ್ತದೆ. ತಟ್ಟೆಯ ಒಳಭಾಗದಲ್ಲಿ ಏನೋ ಆಗುತ್ತದೆ, ಅದರ ಸುದ್ದಿ ಆಮೇಲೆ ಜೆಟ್ಟಿಗೆ ಬರುತ್ತದೆ. ಈ ಫಲಿತಾಂಶ 2002ರಲ್ಲಿ ಬಂತು, ನಿಮ್ಮ ಕೊನೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಾನು ಬೇರೆ ನೋಡಿಲ್ಲ.

ಹೇಮಾವತಿ

ಮೇಷ್ಟ್ರು ಕೇಂದ್ರದ್ದು ಹೇಳಿದರು, ನಾನು ಜೆಟ್ಟಿನದ್ದು ಹೇಳುತ್ತೇನೆ. ಇದರ ಕಥೆ ಶುರುವಾಗುವುದೇ ಚಂದ್ರಾದಿಂದ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ಈ ದೂರದರ್ಶಕ 1999ರ ಜುಲೈನಲ್ಲಿ ಮೇಲೆ ಹೋಯಿತು. ಆಗಸ್ಟ್‌ನಲ್ಲಿ ಫೋಕಸ್ ಸರಿಮಾಡಿಕೊಳ್ಳೋದಕ್ಕೆ ಅಂತ ಒಂದು ಚುಕ್ಕಿಯಂಥ ಆಕರ ಬೇಕಿತ್ತು. ಅದಕ್ಕೆ ಪಿಕೆಎಸ್ 0637-752 ಅನ್ನೋ ಕ್ವೇಸಾರ್ ಆರಿಸಿದರು. ಬೆಳಕು ಹೊರಟು 600 ಕೋಟಿ ವರ್ಷ ಆದದ್ದು, ಅಷ್ಟು ದೂರದ್ದು ಚುಕ್ಕಿಯಾಗೇ ಕಾಣಬೇಕಲ್ಲ. ಆದರೆ ಚಿತ್ರ ಬಂದಾಗ ಚುಕ್ಕಿಯ ಪಕ್ಕದಲ್ಲಿ ಒಂದು ಬಾಲ. ಕಡಿಮೆ ಅಂದರೂ 3 ಲಕ್ಷ ಬೆಳಕಿನ ವರ್ಷ ಉದ್ದದ ಎಕ್ಸ್-ರೇ ಜೆಟ್! ಯಾರೂ ಅದನ್ನು ನಿರೀಕ್ಷಿಸಿರಲಿಲ್ಲ.

ಅಲ್ಲಿಂದ ಕಗ್ಗಂಟು ಶುರು. ರೇಡಿಯೋ ಬರುವುದು ಸಿಂಕ್ರೋಟ್ರಾನ್‌ನಿಂದ, ಅಂದರೆ ಎಲೆಕ್ಟ್ರಾನ್ ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಬೆಳಕು ಬಿಡುವುದರಿಂದ. ಅದೇ ಎಲೆಕ್ಟ್ರಾನ್‌ಗಳ ಸಾಲನ್ನು ಮುಂದಕ್ಕೆ ಎಳೆದರೆ ಎಕ್ಸ್-ರೇ ಇಷ್ಟಿರಬೇಕು ಅಂತ ಲೆಕ್ಕ ಸಿಗುತ್ತದೆ. ಆದರೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ, ಮಧ್ಯೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮಾತ್ರ ತೀರಾ ಕಡಿಮೆ. ಹಾಗಾಗಿ ಎಕ್ಸ್-ರೇ ಬೇರೆ ದಾರಿಯಲ್ಲಿ ಬರಬೇಕು.

2000–2001ರಲ್ಲಿ ಬಂದ ವಿವರಣೆ ಇದು. ಇಡೀ ವಿಶ್ವದಲ್ಲಿ ಮಹಾಸ್ಫೋಟದ ಹಿನ್ನೆಲೆ ವಿಕಿರಣ ಹರಡಿದೆ, 2.7 ಕೆಲ್ವಿನ್‌ನದು. ಅದರ ಒಂದು ಫೋಟಾನ್ ವೇಗದ ಎಲೆಕ್ಟ್ರಾನಿಗೆ ಸಿಕ್ಕರೆ, ಬೀಸಿ ಬಂದ ಬ್ಯಾಟಿಗೆ ತಾಗಿದ ಚೆಂಡಿನ ಹಾಗೆ ಶಕ್ತಿ ಪಡೆದು ಹಾರುತ್ತದೆ. ಎಲೆಕ್ಟ್ರಾನಿನ ಶಕ್ತಿ ಅದರ ನಿಶ್ಚಲ ಶಕ್ತಿಯ (ಸುಮ್ಮನೆ ನಿಂತಿದ್ದಾಗಲೂ ಅದರ ದ್ರವ್ಯರಾಶಿಯಲ್ಲಿ ಇರುವ ಶಕ್ತಿಯ) ಸಾವಿರ ಪಟ್ಟು ಇದ್ದರೆ ಫೋಟಾನಿನ ಶಕ್ತಿ ಸುಮಾರು 10 ಲಕ್ಷ ಪಟ್ಟು ಏರುತ್ತದೆ. ಮೈಕ್ರೋವೇವ್ ಆಗಿದ್ದದ್ದು ಸೀದಾ ಎಕ್ಸ್-ರೇ. ಜೆಟ್ ಅಷ್ಟು ದೂರದಲ್ಲೂ ಬೆಳಕಿನ ವೇಗದ ಹತ್ತಿರವೇ ಓಡುತ್ತಿದ್ದು, ನಮ್ಮ ಕಡೆ ಸ್ವಲ್ಪ ತಿರುಗಿದ್ದರೆ ಲೆಕ್ಕ ಸರಿಹೋಗುತ್ತದೆ. ಅಚ್ಚುಕಟ್ಟಾದ ವಿವರಣೆ, ಇಡೀ ಒಂದು ದಶಕ ಇದನ್ನೇ ಎಲ್ಲರೂ ಬಳಸಿದರು.

ಶರಾವತಿ ತೀರ

ಹೇಮಾವತಿ ಮೇಡಂ, ಚೆನ್ನಾಗಿ ಹೇಳಿದಿರಿ. ಆದರೆ ಕಥೆ ಅಲ್ಲಿಗೇ ನಿಲ್ಲಿಸಿದರೆ ಓದುವವರು ಅದನ್ನೇ ಕೊನೆಯ ಮಾತು ಅಂದುಕೊಳ್ಳುತ್ತಾರೆ. ಎಷ್ಟೋ ಲೇಖನಗಳಲ್ಲಿ ಇವತ್ತಿಗೂ ಹಾಗೇ ಬರೆಯುತ್ತಾರೆ, ಅದು ನನಗೆ ಬೇಸರದ ವಿಷಯ. ಹತ್ತಿರದ ಈ ಪ್ರಖರ ಜೆಟ್‌ಗಳ ಮಟ್ಟಿಗೆ ಆ ವಿವರಣೆ ಬಿದ್ದುಹೋಗಿದೆ.

ಹೇಗೆ ಅಂದರೆ, ಹಿನ್ನೆಲೆ ಫೋಟಾನ್‌ಗಳನ್ನು ಹೀಗೆ ಹಾರಿಸುವ ಎಲೆಕ್ಟ್ರಾನ್‌ಗಳ ಜೊತೆಗೇ ಅವಕ್ಕಿಂತ ಹೆಚ್ಚು ಶಕ್ತಿಯವೂ ಇರುತ್ತವೆ. ಅವು ರೇಡಿಯೋದಲ್ಲಿ, ಕಾಣುವ ಬೆಳಕಿನಲ್ಲಿ ಈಗಾಗಲೇ ಕಂಡಿವೆ, ಇಲ್ಲ ಅನ್ನುವ ಹಾಗಿಲ್ಲ. ಅವೂ ಅದೇ ಹಿನ್ನೆಲೆ ಫೋಟಾನ್‌ಗಳಿಗೆ ಬಡಿಯಲೇಬೇಕು. ಬಡಿದರೆ ಬರುವುದು ಗಾಮಾ ಕಿರಣ. ಎಷ್ಟು ಬರಬೇಕು ಅನ್ನುವುದರಲ್ಲಿ ಎಳೆದಾಡೋಕೆ ಜಾಗವೇ ಇಲ್ಲ, ಎಕ್ಸ್-ರೇ ಇಷ್ಟು ಅಂದರೆ ಗಾಮಾ ಇಷ್ಟು. ಅದು ಏರಿಳಿಯುವುದೂ ಇಲ್ಲ, ಅಷ್ಟು ದೊಡ್ಡ ಜೆಟ್ ತಿಂಗಳಲ್ಲಿ ಬದಲಾಗಲಾರದು. 2008ರಲ್ಲಿ ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹ ಮೇಲೆ ಹೋದ ಮೇಲೆ ಇದನ್ನು ನೋಡಿಯೇಬಿಡಬಹುದಾಯಿತು. ತೊಂದರೆ ಏನೆಂದರೆ ಫರ್ಮಿಗೆ ಜೆಟ್ ಬೇರೆ, ಕೇಂದ್ರ ಬೇರೆ ಅಂತ ಕಾಣುವುದಿಲ್ಲ, ಎಲ್ಲ ಸೇರಿ ಒಂದೇ ಮಬ್ಬು. ಅದಕ್ಕೆ ಮಾಡಿದ ಉಪಾಯ ನೋಡಿ: 3ಸಿ 273ರ ಕೇಂದ್ರ ಗಾಮಾದಲ್ಲಿ ತೀರಾ ಸುಮ್ಮನಾಗಿದ್ದ ಕಾಲಗಳನ್ನಷ್ಟೇ ಆರಿಸಿ, ಅವನ್ನು ಒಟ್ಟುಗೂಡಿಸಿದರು. ಕೇಂದ್ರ ಸುಮ್ಮನಾದಾಗಲೂ ಉಳಿಯಬೇಕಾದ ಆ ಸ್ಥಿರ ಗಾಮಾ ಅಲ್ಲಿ ಇದೆಯಾ? ಇರಲಿಲ್ಲ. ಲೆಕ್ಕ ಹೇಳಿದ್ದಕ್ಕಿಂತ ಕಡಿಮೆ. ಇದು 2014ರಲ್ಲಿ. ಮರುವರ್ಷ ಪಿಕೆಎಸ್ 0637-752ಕ್ಕೂ ಅದೇ ಆಯಿತು, ಯಾವುದನ್ನು ವಿವರಿಸಲು ಈ ಸಿದ್ಧಾಂತ ಬಂತೋ ಅದರಲ್ಲೇ.

ಇನ್ನೂ ಇದೆ. ಹಬಲ್‌ನ ಸುಮಾರು 20 ವರ್ಷ ಅಂತರದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ 3ಸಿ 273ರ ಗಂಟುಗಳು ಕದಲಿದ್ದೇ ಕಾಣುವುದಿಲ್ಲ. ಆ ಸಿದ್ಧಾಂತಕ್ಕೆ ಬೇಕಾದ ಓಟ ಅಲ್ಲಿಲ್ಲ. ಪಿಕ್ಟರ್ ಎ ಅನ್ನೋ ರೇಡಿಯೋ ಗೆಲಾಕ್ಸಿಯ ಜೆಟ್ಟಿನಲ್ಲಿ ಒಂದು ಕಡೆ ಎಕ್ಸ್-ರೇ ಕೆಲವೇ ವರ್ಷಗಳಲ್ಲಿ ಮಂಕಾಗಿದ್ದೂ ಕಂಡಿದೆ. ಸಾವಿರ ಪಟ್ಟಿನ ಎಲೆಕ್ಟ್ರಾನ್‌ಗಳು ತಣ್ಣಗಾಗಲು ಲಕ್ಷಗಟ್ಟಲೆ ವರ್ಷ ಬೇಕು, ಕೆಲವು ವರ್ಷದಲ್ಲಿ ಮಂಕಾಗುವುದು ಅವುಗಳಿಂದ ಆಗದ ಕೆಲಸ.

ಹಾಗಾಗಿ ಇರುಳುಬಾನು ಅವರ ಮೂರು ಚಿತ್ರಗಳಿಗೆ ನನ್ನ ಉತ್ತರ: ಜಾಗ ಒಂದೇ ಆದರೂ ರೇಡಿಯೋ ಬಿಡುವ ಎಲೆಕ್ಟ್ರಾನ್ ಬೇರೆ, ಎಕ್ಸ್-ರೇ ಬಿಡುವ ಎಲೆಕ್ಟ್ರಾನ್ ಬೇರೆ. ಎರಡೂ ಸಿಂಕ್ರೋಟ್ರಾನ್ನೇ, ಆದರೆ ಎರಡು ಗುಂಪು. ಎರಡನೇ ಗುಂಪಿನ ಶಕ್ತಿ ಊಹೆಗೂ ಮೀರಿದ್ದು, ನಿಶ್ಚಲ ಶಕ್ತಿಯ ಕೋಟಿ ಪಟ್ಟು. ಕ್ವೇಸಾರ್ ಹತ್ತಿರದ ಗಂಟಿನಲ್ಲಿ ಅವನ್ನು ತಯಾರಿಸುವ ಕೆಲಸ ಜೋರಾಗಿ ನಡೆಯುತ್ತಿದೆ, ತುದಿಯಲ್ಲಿ ಕಡಿಮೆ. ಅದಕ್ಕೇ ನಿಮಗೆ ತಿರುಗುಮುರುಗು ಕಂಡದ್ದು.

ಇರುಳುಬಾನು

ಶರಾವತಿ ತೀರ ಅವರೇ, ಇದು ನಿಜಕ್ಕೂ ಕಣ್ಣು ತೆರೆಸಿತು. ಮೇಷ್ಟ್ರಿಗೂ ಹೇಮಾವತಿ ಅವರಿಗೂ ಧನ್ಯವಾದ.

ಒಂದು ಅನುಮಾನ ಉಳಿಯಿತು. ಕೋಟಿ ಪಟ್ಟು ಶಕ್ತಿಯ ಎಲೆಕ್ಟ್ರಾನ್ ಅಂದರೆ ಅದು ಬೇಗ ಶಕ್ತಿ ಕಳೆದುಕೊಳ್ಳಬೇಕು. ಕಪ್ಪುಕುಳಿಯಿಂದ ಆ ಗಂಟಿಗೆ ಬೆಳಕಿನ ವೇಗದಲ್ಲಿ ಹೋದರೂ ಲಕ್ಷ ವರ್ಷ ಬೇಕು. ದಾರಿಯಲ್ಲೇ ಮುಗಿದುಹೋಗಬೇಕಲ್ವಾ?

ಶರಾವತಿ ತೀರ

ಮುಗಿದೇ ಹೋಗುತ್ತದೆ. ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ. ಕಾಂತಕ್ಷೇತ್ರದ ಬಲಕ್ಕೆ ತಕ್ಕಂತೆ ಆ ಎಲೆಕ್ಟ್ರಾನ್‌ಗಳ ಆಯಸ್ಸು ಕೆಲವು ವರ್ಷದಿಂದ ಕೆಲವು ನೂರು ವರ್ಷ, ಅಷ್ಟೇ. ಕಪ್ಪುಕುಳಿಯ ಹತ್ತಿರ ಹುಟ್ಟಿ ಅಲ್ಲಿಗೆ ಬಂದಿರೋದು ಸಾಧ್ಯವೇ ಇಲ್ಲ. ಅಲ್ಲೇ, ಆ ಗಂಟಿನಲ್ಲೇ ತಯಾರಾಗಬೇಕು.

ಎಂ87 ಅನ್ನೋ ಗೆಲಾಕ್ಸಿ ನೋಡಿ. ಅದರ ಜೆಟ್ಟನ್ನು 1918ರಲ್ಲೇ ಹೀಬರ್ ಕರ್ಟಿಸ್ ಕಂಡಿದ್ದರು, ಕೇಂದ್ರಕ್ಕೆ ಅಂಟಿದ ವಿಚಿತ್ರವಾದ ನೇರ ಗೆರೆ ಅಂತ. 5.5 ಕೋಟಿ ಬೆಳಕಿನ ವರ್ಷ ದೂರ ಅಷ್ಟೇ, ಹಾಗಾಗಿ ವಿವರವಾಗಿ ಕಾಣುತ್ತದೆ. ಅದರಲ್ಲಿ ಎಚ್‌ಎಸ್‌ಟಿ-1 ಅಂತ ಒಂದು ಸಣ್ಣ ಗಂಟಿದೆ, ಕೇಂದ್ರದಿಂದ 200 ಬೆಳಕಿನ ವರ್ಷಕ್ಕೂ ಆಚೆ. 2000ದ ಹೊತ್ತಿಗೆ ಅದು ಎಕ್ಸ್-ರೇಯಲ್ಲಿ ಲೆಕ್ಕಕ್ಕೇ ಇಲ್ಲದ ಹಾಗಿತ್ತು. ಆಮೇಲೆ ಏರತೊಡಗಿ 2005ರಲ್ಲಿ ಸುಮಾರು 50 ಪಟ್ಟಾಯಿತು, ಕೇಂದ್ರವನ್ನೇ ಮೀರಿಸಿ ಹೊಳೆಯಿತು, ಮತ್ತೆ ಇಳಿಯಿತು. ಕಪ್ಪುಕುಳಿಯಿಂದ ಅಷ್ಟು ದೂರದಲ್ಲಿ, ಅಷ್ಟು ಚಿಕ್ಕ ಜಾಗದಲ್ಲಿ, ನಮ್ಮ ಕಣ್ಣ ಮುಂದೆಯೇ ಎಲೆಕ್ಟ್ರಾನ್‌ಗಳಿಗೆ ಶಕ್ತಿ ತುಂಬುವ ಕೆಲಸ ನಡೆಯಿತು. ಇದಕ್ಕಿಂತ ಹತ್ತಿರದಿಂದ ನೋಡೋಕೆ ಇನ್ನೆಲ್ಲಿ ಸಿಗುತ್ತದೆ ಹೇಳಿ.

ಸೆಂಟಾರಸ್ ಎ ಅನ್ನೋ ಗೆಲಾಕ್ಸಿ ಇನ್ನೂ ಹತ್ತಿರ, ಸುಮಾರು 1.2 ಕೋಟಿ ಬೆಳಕಿನ ವರ್ಷ. 2020ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು ಅದರ ಭಾರಿ ಶಕ್ತಿಯ ಗಾಮಾ ಕಿರಣ ಒಂದು ಚುಕ್ಕಿಯಿಂದಲ್ಲ, ಜೆಟ್ಟಿನ ಉದ್ದಕ್ಕೂ ಬರುತ್ತಿದೆ ಅಂತ ತೋರಿಸಿದವು. ಅಂದರೆ ಸಾವಿರಾರು ಬೆಳಕಿನ ವರ್ಷದ ಉದ್ದಕ್ಕೂ ಅಷ್ಟು ಶಕ್ತಿಯ ಎಲೆಕ್ಟ್ರಾನ್ ಇದ್ದೇ ಇವೆ. ಅವೇ ಕಾಂತಕ್ಷೇತ್ರದಲ್ಲಿ ಎಕ್ಸ್-ರೇ ಬಿಡುತ್ತಿರೋದು.

ಶಕ್ತಿ ತುಂಬುವುದು ಹೇಗೆ ಅನ್ನುವುದರಲ್ಲಿ ಆಘಾತ ತರಂಗ ಅನ್ನುವವರಿದ್ದಾರೆ, ಕಾಂತರೇಖೆಗಳು ಕಡಿದು ಮತ್ತೆ ಕೂಡುವುದು ಅನ್ನುವವರಿದ್ದಾರೆ. 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹ ಜೆಟ್ ನಮ್ಮ ಕಡೆಗೇ ತಿರುಗಿರುವ ಮಾರ್ಕೇರಿಯನ್ 501 ಗೆಲಾಕ್ಸಿಯ ಎಕ್ಸ್-ರೇಯ ಧ್ರುವೀಕರಣ (ಅಲೆಗಳು ಒಂದೇ ದಿಕ್ಕಿಗೆ ಅಲುಗುವ ಪ್ರಮಾಣ) ಅಳೆಯಿತು, ಸುಮಾರು 10 ಶೇಕಡಾ, ಜೆಟ್ಟಿನ ದಿಕ್ಕಿಗೇ, ಕಾಣುವ ಬೆಳಕಿಗಿಂತ ಜಾಸ್ತಿ. ಅದು ಆಘಾತ ತರಂಗದ ಕಡೆ ಬೆರಳು ತೋರುತ್ತದೆ. ಆದರೆ ಅದು ಜೆಟ್ಟಿನ ಬುಡದ ಮಾತು. ಲಕ್ಷ ಬೆಳಕಿನ ವರ್ಷ ಆಚೆ ಅದೇ ನಡೆಯುತ್ತಿದೆ ಅಂತ ನಾನು ಹೇಳಲಾರೆ.

ಹೇಮಾವತಿ

ಫರ್ಮಿ ವಿಷಯ ಒಪ್ಪಿದೆ. ಆದರೆ ಹಿನ್ನೆಲೆ ವಿಕಿರಣದ ದಾರಿಯನ್ನು ಪೂರ್ತಿ ಮುಚ್ಚಬೇಡಿ ಶರಾವತಿ ತೀರ ಅವರೇ. ಎರಡು ಕಡೆ ಅದು ಗಟ್ಟಿಯಾಗಿಯೇ ನಿಂತಿದೆ.

ಒಂದು, ರೇಡಿಯೋ ಗೆಲಾಕ್ಸಿಗಳ ಆಚೀಚೆ ಇರುವ ಆ ಭಾರಿ ಹಾಲೆಗಳು, ಅಂದರೆ ಜೆಟ್ ತಂದು ಸುರಿದ ಕಣಗಳು ಹರಡಿಕೊಂಡ ಮೋಡಗಳು. ಅಲ್ಲಿ ಓಟವೂ ಬೇಡ, ನಮ್ಮ ಕಡೆ ತಿರುಗಿರುವುದೂ ಬೇಡ. ಫೋರ್ನಾಕ್ಸ್ ಎ ಹಾಲೆಗಳಲ್ಲಿ 1995ರಲ್ಲೇ ಇದು ಸಿಕ್ಕಿತ್ತು. ಇದರಿಂದ ಸಿಗುವ ಲಾಭ ದೊಡ್ಡದು: ರೇಡಿಯೋ ಎಷ್ಟು ಅನ್ನುವುದು ಎಲೆಕ್ಟ್ರಾನ್ ಮತ್ತು ಕಾಂತಕ್ಷೇತ್ರ ಎರಡರ ಮೇಲೂ ನಿಂತಿದೆ, ಎಕ್ಸ್-ರೇ ಎಷ್ಟು ಅನ್ನುವುದು ಬರೀ ಎಲೆಕ್ಟ್ರಾನ್ ಮೇಲೆ, ಯಾಕೆಂದರೆ ಹಿನ್ನೆಲೆ ಫೋಟಾನ್ ಎಷ್ಟಿವೆ ಅನ್ನುವುದು ನಮಗೆ ಖಚಿತವಾಗಿ ಗೊತ್ತು. ಎರಡನ್ನೂ ಭಾಗಿಸಿದರೆ ಕಾಂತಕ್ಷೇತ್ರದ ಬಲವೇ ಕೈಗೆ ಬರುತ್ತದೆ. ಕೋಟಿಗಟ್ಟಲೆ ಬೆಳಕಿನ ವರ್ಷ ದೂರದ ಕಾಂತಕ್ಷೇತ್ರ ಅಳೆಯೋಕೆ ಇದಕ್ಕಿಂತ ಸರಳವಾದ ದಾರಿ ಬೇರೆ ಇಲ್ಲ.

ಎರಡು, ತೀರಾ ದೂರದ ಕ್ವೇಸಾರ್‌ಗಳು. ಹಿಂದಕ್ಕೆ ಹೋದಷ್ಟೂ ವಿಶ್ವ ಚಿಕ್ಕದು, ಹಿನ್ನೆಲೆ ವಿಕಿರಣ ದಟ್ಟ. ಕೆಂಪುಸರಿತ (ವಿಶ್ವ ಹಿಗ್ಗಿದ್ದರಿಂದ ಬೆಳಕು ಕೆಂಪಿನ ಕಡೆ ಸರಿದ ಪ್ರಮಾಣ) 2.5 ಇರುವ ಕಡೆ ಅದರ ಶಕ್ತಿ ಸಾಂದ್ರತೆ ಇವತ್ತಿನ ಸುಮಾರು 150 ಪಟ್ಟು. ಬಿ3 0727+409 ಅನ್ನುವ ಕ್ವೇಸಾರ್‌ನಲ್ಲಿ ಎಕ್ಸ್-ರೇ ಜೆಟ್ ಸಿಕ್ಕಿದೆ, ಅದೂ ಬೇರೆ ಏನನ್ನೋ ನೋಡುವಾಗ, ಅಲ್ಲಿ ಜೆಟ್ಟಿನ ಬಹುಪಾಲು ಉದ್ದಕ್ಕೆ ರೇಡಿಯೋವೇ ಕಾಣುವುದಿಲ್ಲ. ಹಿನ್ನೆಲೆ ಫೋಟಾನ್‌ಗಳು ಅಷ್ಟು ದಟ್ಟವಾಗಿದ್ದಾಗ ಎಲೆಕ್ಟ್ರಾನ್‌ಗಳು ಶಕ್ತಿಯನ್ನೆಲ್ಲ ಎಕ್ಸ್-ರೇಗೇ ಕೊಟ್ಟುಬಿಡುತ್ತವೆ.

ಇನ್ನೊಂದು ಮಾತು. ಆ ಸಾವಿರ ಪಟ್ಟಿನ ಎಲೆಕ್ಟ್ರಾನ್‌ಗಳು ರೇಡಿಯೋದಲ್ಲಿ ಕಾಣಬೇಕಾದರೆ ಕೆಲವು ಹತ್ತು ಮೆಗಾಹರ್ಟ್ಸ್‌ನಷ್ಟು ಕೆಳಗೆ ಇಳಿಯಬೇಕು. ನಮ್ಮ ಗೌರಿಬಿದನೂರಿನ ಆಂಟೆನಾ ಸಾಲು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಮಾಡಿದ್ದು ಇದೇ ವಲಯದಲ್ಲಿ. ಜೆಟ್ಟನ್ನು ಬಿಡಿಯಾಗಿ ತೋರಿಸುವಷ್ಟು ಸೂಕ್ಷ್ಮ ಅಲ್ಲ ಅದು, ಆದರೆ ಈ ಕೆಳಗಿನ ಆವರ್ತನಗಳು ಯಾಕೆ ಮುಖ್ಯ ಅನ್ನುವುದು ಇಲ್ಲಿಗೆ ಬಂದರೆ ಚೆನ್ನಾಗಿ ಗೊತ್ತಾಗುತ್ತದೆ.

ಶರಾವತಿ ತೀರ

ಹಾಲೆಗಳ ವಿಷಯದಲ್ಲಿ ತಕರಾರೇ ಇಲ್ಲ ಮೇಡಂ. ಬಿ3 0727 ಕೂಡ ಒಪ್ಪುವಂಥದ್ದೇ. ನನ್ನ ಜಗಳ ಇರೋದು ಎಲ್ಲ ಎಕ್ಸ್-ರೇ ಜೆಟ್ಟಿಗೂ ಒಂದೇ ಚೀಟಿ ಅಂಟಿಸುವುದರ ಜೊತೆ. ಒಂದೊಂದನ್ನೂ ಅದರದ್ದೇ ಗಾಮಾ, ಅದರದ್ದೇ ರೇಡಿಯೋ ಇಟ್ಟುಕೊಂಡು ನೋಡಬೇಕು.

ಎಂಎಸ್ಸಿ ಹುಡುಗಿ

ನಾನು ಭೌತಶಾಸ್ತ್ರ ಎಂಎಸ್ಸಿ ಮಾಡುತ್ತಿದ್ದೇನೆ. ಇದರಲ್ಲೇ ಒಂದು ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ ಬಂತು. ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ದತ್ತಾಂಶದಲ್ಲಿ ಈ ಜೆಟ್‌ಗಳು ಸಿಗುತ್ತವಾ ಸರ್?

ಗಣಿತದ ಮೇಷ್ಟ್ರು

ಜೆಟ್ಟಿನ ಚಿತ್ರ ಸಿಗುವುದಿಲ್ಲಮ್ಮ. ಆಸ್ಟ್ರೋಸ್ಯಾಟ್‌ನ ಎಕ್ಸ್-ರೇ ಉಪಕರಣಗಳಿಗೆ ಕೇಂದ್ರ, ಜೆಟ್ ಎಲ್ಲ ಒಂದೇ ಆಗಿ ಕಾಣುತ್ತದೆ. ಅದರ ಬಲ ಬೇರೆ ಕಡೆ: ನೇರಳಾತೀತ ಮತ್ತು ಎಕ್ಸ್-ರೇ ಎರಡನ್ನೂ ಒಟ್ಟಿಗೇ ನೋಡುತ್ತದೆ. ತಟ್ಟೆ ಮತ್ತು ಕರೋನಾ ಒಟ್ಟಿಗೆ ಏರಿಳಿಯುತ್ತವೆಯಾ, ಬ್ಲೇಜಾರ್ (ಜೆಟ್ ನಮ್ಮ ಕಡೆಗೇ ತಿರುಗಿರುವಂಥದ್ದು) ಹೇಗೆ ಬದಲಾಗುತ್ತದೆ ಅನ್ನುವ ಪ್ರಶ್ನೆಗಳಿಗೆ ಅದು ಹೇಳಿ ಮಾಡಿಸಿದ್ದು. ದತ್ತಾಂಶ ನಮ್ಮ ಬ್ಯಾಲಾಳುವಿನ ಇಸ್ರೋ ದತ್ತಾಂಶ ಕೇಂದ್ರದಲ್ಲಿದೆ, ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು.

ಜೆಟ್ಟೇ ಬೇಕು ಅಂದರೆ ಚಂದ್ರಾ ದೂರದರ್ಶಕದ ಹಳೆಯ ಅವಲೋಕನಗಳು ಎಲ್ಲರಿಗೂ ಮುಕ್ತವಾಗಿವೆ. ಅರ್ಧ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಮಟ್ಟದ ವಿವರ ಬೇರೆ ಯಾವ ಎಕ್ಸ್-ರೇ ದೂರದರ್ಶಕವೂ ಕೊಡುವುದಿಲ್ಲ. 3ಸಿ 273ರಿಂದಲೇ ಶುರು ಮಾಡು. ಫೈಲು ಇಳಿಸಿ ಡಿಎಸ್9 ಅನ್ನೋ ಚಿತ್ರ ನೋಡುವ ತಂತ್ರಾಂಶದಲ್ಲಿ ತೆರೆದು, ಬಣ್ಣದ ಅಳತೆಯನ್ನು ಲಾಗ್‌ಗೆ ಹಾಕು, ಇಲ್ಲದಿದ್ದರೆ ಕೇಂದ್ರ ಬಿಟ್ಟು ಏನೂ ಕಾಣುವುದಿಲ್ಲ. ಉತ್ತರ ಮೇಲಿದ್ದರೆ ಜೆಟ್ ಕೆಳಗೆ ಬಲಕ್ಕೆ, ನೈರುತ್ಯ ದಿಕ್ಕಿನಲ್ಲಿ, ಕೇಂದ್ರದಿಂದ ಸುಮಾರು 11 ಆರ್ಕ್‌ಸೆಕೆಂಡ್‌ನಿಂದ 21ರವರೆಗೆ ಇರುತ್ತದೆ. ಕೇಂದ್ರದ ಮೂಲಕ ನೆಟ್ಟಗೆ ಒಂದು ಉದ್ದ ಗೆರೆ ಹಾದುಹೋಗಿರುತ್ತದೆ, ಅದನ್ನು ಜೆಟ್ ಅಂದುಕೊಳ್ಳಬೇಡ. ಕೇಂದ್ರ ಅತಿ ಪ್ರಖರ ಆದ್ದರಿಂದ ಕ್ಯಾಮೆರಾದ ಸಿಸಿಡಿ ಚಿಪ್ ಓದುವಾಗ ಬೀಳುವ ಗೆರೆ ಅದು. ಬೇರೆ ಬೇರೆ ದಿನದ ಅವಲೋಕನ ತೆರೆದರೆ ಆ ಗೆರೆ ತಿರುಗಿರುತ್ತದೆ, ಜೆಟ್ ಮಾತ್ರ ಇದ್ದಲ್ಲೇ ಇರುತ್ತದೆ. ಅಷ್ಟು ಮಾಡಿ, ಒಂದೊಂದು ಗಂಟಿನಿಂದ ಎಷ್ಟು ಎಕ್ಸ್-ರೇ ಫೋಟಾನ್ ಬಂದಿವೆ ಅನ್ನುವ ಎಣಿಕೆ ತೆಗೆದು ಇಲ್ಲಿ ಹಾಕು, ಮುಂದಿನದು ಒಟ್ಟಿಗೆ ನೋಡೋಣ.